ಸಹಾಯ ಬೇಕು: ಎರೆಮಣ್ಣಿನ ಮೇಲಿರುವ ಹಳೆಯ ಮನೆಗೆ ಮಾಳಿಗೆಯ ಮೇಲೊಂದು ಕೋಣೆ

ಎಲ್ಲರಿಗೂ ನಮಸ್ಕಾರ. ವಿಜಯಪುರದಲ್ಲಿ 2001ರಲ್ಲಿ ಕಟ್ಟಿಸಿದ ನಮ್ಮ ಮನೆಗೆ ಪಿಲ್ಲರ್‌ಗಳಿಲ್ಲ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆಗಳೇ ಆರ್‌ಸಿಸಿ ಛತ್ತನ್ನು ಹೊತ್ತಿವೆ. ಮಗನ ಮದುವೆ ನಿಶ್ಚಯವಾಗಿರುವುದರಿಂದ ಮೇಲೆ 12ಕ್ಕೆ 14 ಅಡಿಯ ಒಂದು ಕೋಣೆ ಬೇಕಾಗಿದೆ. ಹಿತ್ತಲಿನಲ್ಲಿ ಉಳಿದಿರುವುದು ನಾಲ್ಕೇ ಅಡಿ, ಅಲ್ಲಿಯೂ ತಾಯಿಯವರ ತುಳಸಿಕಟ್ಟೆಯಿದೆ.

ತೊಡಕಿರುವುದು ನೆಲದಲ್ಲಿ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಬೇಸಿಗೆಯಲ್ಲಿ ಒಣಗಿ ಕುಗ್ಗುವುದರಿಂದ, ಪಡಸಾಲೆಯ ಮೂಲೆಯಲ್ಲಿರುವ ಓರೆ ಬಿರುಕು ಪ್ರತಿ ಬೇಸಿಗೆಗೆ ಬಾಯಿ ತೆರೆದು, ಮಳೆ ಬಿದ್ದ ಮೇಲೆ ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಎರಡು ಬಾರಿ ಸಿಮೆಂಟ್ ತುಂಬಿಸಿದೆವು, ನಿಲ್ಲಲಿಲ್ಲ. ಬುನಾದಿಯ ಪಕ್ಕದಲ್ಲಿ ಐದು ಅಡಿ ತಗ್ಗು ತೋಡಿಸಿ ನೋಡಿದರೂ ಗರಸು (ಎರೆಮಣ್ಣಿನ ಕೆಳಗಿನ ಗಟ್ಟಿ ಪದರ) ಸಿಗಲಿಲ್ಲ.

ಗೌಂಡಿಯವರು ‘ಕಲ್ಲಿನ ಗೋಡೆ, ಏನೂ ಆಗದು’ ಎನ್ನುತ್ತಾರೆ. ಆ ಧೈರ್ಯ ನನಗಿಲ್ಲ. ಎಂಜಿನಿಯರರೊಬ್ಬರು ಹಗುರವಾದ ಎಎಸಿ ಬ್ಲಾಕಿನ (ಗಾಳಿಗುಳ್ಳೆ ತುಂಬಿದ ಕಾಂಕ್ರೀಟ್ ಇಟ್ಟಿಗೆಯ) ಗೋಡೆ, ಮೇಲೆ ತಗಡು ಸಾಕೆಂದರು. ಆದರೆ ನಮ್ಮೂರ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಕೆಳಗೆ ಹೊಸ ದಂಪತಿಗಳನ್ನು ಇರಿಸುವುದು ಶಿಕ್ಷೆಯೇ ಸರಿ. ಮತ್ತೊಬ್ಬರು ಹಳೆಯ ಗೋಡೆಗೆ ಭಾರ ತಾಗದಂತೆ ಹೊರಗಿನಿಂದ ಆಳವಾದ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಇಳಿಸಿ ಪಿಲ್ಲರ್ ಎಬ್ಬಿಸಬೇಕೆಂದರು. ಅದರ ಖರ್ಚು ನಮ್ಮ ಲೆಕ್ಕದ ಎರಡು ಪಟ್ಟು.

ನನ್ನ ಪ್ರಶ್ನೆ ಇಷ್ಟೇ: ಹೀಗೆ ಋತುಮಾನಕ್ಕೆ ತೆರೆದು ಮುಚ್ಚುವ ಬಿರುಕಿರುವ, ಪಿಲ್ಲರ್ ಇಲ್ಲದ ಮನೆಯ ಮೇಲೆ ಹಗುರ ಕೋಣೆ ಕಟ್ಟಿಸಿ ನಾಲ್ಕೈದು ಮಳೆಗಾಲ ಕಂಡವರು ಇಲ್ಲಿ ಇದ್ದೀರಾ? ಇದ್ದರೆ, ಕೆಳಗಿನ ಬಿರುಕು ಹೆಚ್ಚಾಯಿತೇ, ಮತ್ತು ಛಾವಣಿಗೆ ಏನು ಹಾಕಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸುವಿರಾ?