ಒಂದೇ ಸಾಕೆಟ್, ಸಾವಿರ ಪೋರ್ಟ್: ಎಸ್‌ಕೆ ಲುಕಪ್ ಬಳಸಿದವರು ತಿಳಿಸಿ

ಪ್ರಶ್ನೆ: ನಮ್ಮ ಟಿಸಿಪಿ ಸರ್ವರ್‌ಗೆ 192.0.2.0/24ರ ಯಾವ ವಿಳಾಸಕ್ಕೆ ಬಂದರೂ 8000ದಿಂದ 8999ರವರೆಗಿನ ಎಲ್ಲ ಪೋರ್ಟ್‌ಗಳ ಕನೆಕ್ಷನ್ ಸಿಗಬೇಕು. ಸಾವಿರ ಸಲ ಬೈಂಡ್ ಮಾಡುವುದು ಬೇಡ. ಲಿನಕ್ಸ್‌ನ ಬಿಪಿಎಫ್ ಎಸ್‌ಕೆ ಲುಕಪ್ (ಬಂದ ಕನೆಕ್ಷನ್ ಯಾವ ಸಾಕೆಟ್‌ಗೆ ಹೋಗಬೇಕೆಂದು ಕರ್ನಲ್ ಒಳಗೇ ನಿರ್ಧರಿಸುವ ಪುಟ್ಟ ಪ್ರೋಗ್ರಾಂ) ಹಾಕಿದವರು, ಎಲ್ಲಿ ಎಡವುತ್ತೇವೆ ಹೇಳಿ.

ಉತ್ತರ: ಕರ್ನಲ್ 5.9 ಅಥವಾ ಅದಕ್ಕಿಂತ ಹೊಸದು ಬೇಕು. ಮೊದಲು ಆ ಸಬ್‌ನೆಟ್‌ಗೆ ಎಲ್‌ಒ (ಲೂಪ್‌ಬ್ಯಾಕ್ ಇಂಟರ್‌ಫೇಸ್) ಮೇಲೆ ಲೋಕಲ್ ರೂಟ್ ಹಾಕಿ. ಪ್ಯಾಕೆಟ್ ಈ ಯಂತ್ರದ್ದೇ ಎಂದು ಕರ್ನಲ್‌ಗೆ ಗೊತ್ತಾಗದಿದ್ದರೆ ನಿಮ್ಮ ಪ್ರೋಗ್ರಾಂ ಓಡುವುದೇ ಇಲ್ಲ. ಆಮೇಲೆ ಸರ್ವರ್ 7000ದಲ್ಲಿ ಲಿಸನ್ ಆಗಲಿ, ಆ ಬಳಿಕವೇ ಸಾಕೆಟ್ಟನ್ನು ಸಾಕ್‌ಮ್ಯಾಪ್‌ಗೆ (ಪ್ರೋಗ್ರಾಂ ಸಾಕೆಟ್ ಹುಡುಕಿಕೊಳ್ಳುವ ಬಿಪಿಎಫ್ ಕೋಷ್ಟಕ) ಸೇರಿಸಿ. ಲಿಸನ್‌ಗೆ ಮುಂಚೆ ಸೇರಿಸಹೋದರೆ ಎರರ್ ಬರುತ್ತದೆ. ಮ್ಯಾಪಿನ ವ್ಯಾಲ್ಯೂ ಗಾತ್ರ 8 ಬೈಟ್ ಇಡಿ. 4 ಇಟ್ಟರೂ ಕೆಲಸ ನಡೆಯುತ್ತದೆ, ಆದರೆ ಒಳಗೆ ಯಾವ ಸಾಕೆಟ್ ಇದೆ ಎಂದು ಹೊರಗಿನಿಂದ ಓದಲಾಗುವುದಿಲ್ಲ.

ಪ್ರೋಗ್ರಾಂ ಅಂಟುವುದು ನೆಟ್‌ವರ್ಕ್ ನೇಮ್‌ಸ್ಪೇಸ್‌ಗೆ (ಕರ್ನಲ್ ಒಳಗಿನ ಪ್ರತ್ಯೇಕ ನೆಟ್‌ವರ್ಕ್ ವಲಯ), ಇಂಟರ್‌ಫೇಸ್‌ಗಲ್ಲ. ಹಾಗೆ ಅಂಟಿಸಿದ ಲಿಂಕನ್ನು ಬಿಪಿಎಫ್ ಫೈಲ್‌ಸಿಸ್ಟಮ್‌ನಲ್ಲಿ ಪಿನ್ ಮಾಡಿ (ಹೆಸರು ಕೊಟ್ಟು ಉಳಿಸಿ). ಇಲ್ಲವಾದರೆ ಲೋಡರ್ ಮುಗಿದ ಕ್ಷಣವೇ ಕಳಚಿಕೊಳ್ಳುತ್ತದೆ.

ಇನ್ನೊಂದು ಉತ್ತರ: ಬಹಳ ಜನ ಸಿಕ್ಕಿಬೀಳುವುದು ಬೈಟ್ ಕ್ರಮದಲ್ಲಿ (ಸಂಖ್ಯೆಯ ಯಾವ ಬೈಟ್ ಮೊದಲು ಎಂಬುದರಲ್ಲಿ). ಪ್ರೋಗ್ರಾಂಗೆ ಸಿಗುವ ಲೋಕಲ್ ಪೋರ್ಟ್ ಹೋಸ್ಟ್ ಕ್ರಮದಲ್ಲೇ ಇರುತ್ತದೆ, ರಿಮೋಟ್ ಪೋರ್ಟ್ ಮಾತ್ರ ನೆಟ್‌ವರ್ಕ್ ಕ್ರಮದಲ್ಲಿ. ಅಭ್ಯಾಸಬಲದಿಂದ ಲೋಕಲ್ ಪೋರ್ಟನ್ನೂ ತಿರುಗಿಸಿದರೆ 8000 ಹೋಗಿ 16415 ಆಗುತ್ತದೆ, ಷರತ್ತು ಹೊಂದುವುದಿಲ್ಲ. ಎರರ್ ಕೂಡ ಬಾರದ ಕಾರಣ ಗಂಟೆಗಟ್ಟಲೆ ಹುಡುಕಬೇಕಾಗುತ್ತದೆ.

ಸರ್ವರ್ ರೀಸ್ಟಾರ್ಟ್ ಆದಾಗ ಹಳೆಯ ಸಾಕೆಟ್ ಮ್ಯಾಪಿನಿಂದ ತಾನಾಗಿ ಹೋಗಿಬಿಡುತ್ತದೆ. ಹೊಸದನ್ನು ಮತ್ತೆ ಸೇರಿಸುವುದು ನಿಮ್ಮ ಹೊಣೆ. ಅಷ್ಟರೊಳಗೆ ಬಂದವರಿಗೆ ಪ್ರೋಗ್ರಾಂ ಎಸ್‌ಕೆ ಡ್ರಾಪ್ (ತಿರಸ್ಕರಿಸು ಎಂಬ ಉತ್ತರ) ಕೊಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ: ಪಾಸ್ ಕೊಟ್ಟರೆ ಮಾಮೂಲಿ ಹುಡುಕಾಟ ಮುಂದುವರಿದು, 8080ರಲ್ಲಿ ಬೇರಾವುದೋ ಸರ್ವರ್ ಇದ್ದರೆ ಕನೆಕ್ಷನ್ ಅದರ ಪಾಲಾಗುತ್ತದೆ. ಪ್ರೋಗ್ರಾಂ ಮ್ಯಾಪಿನಲ್ಲಿ ಹುಡುಕಿ ಪಡೆದ ಸಾಕೆಟ್ಟನ್ನು ಕನೆಕ್ಷನ್‌ಗೆ ಅಸೈನ್ ಮಾಡಿದ ಮೇಲೆ ರಿಲೀಸ್ ಮಾಡದಿದ್ದರೆ ವೆರಿಫೈಯರ್ (ಲೋಡ್ ಆಗುವಾಗ ಪ್ರೋಗ್ರಾಮನ್ನು ತಪಾಸಿಸುವ ಕರ್ನಲ್ ಭಾಗ) ಅದನ್ನು ಒಪ್ಪುವುದಿಲ್ಲ.

ಪ್ರಶ್ನಿಸಿದವರು: ಯುಡಿಪಿಗೂ ಇದನ್ನೇ ನಂಬಬಹುದೇ?

ಉತ್ತರ: ಒಳಬರುವ ದಿಕ್ಕಿನಲ್ಲಿ ಹೌದು. ಉತ್ತರ ಕಳಿಸುವಾಗ ತೊಡಕು. ಟಿಸಿಪಿಯಲ್ಲಿ ಅಕ್ಸೆಪ್ಟ್ ಆದ ಸಾಕೆಟ್ಟಿಗೆ ಗೆಟ್‌ಸಾಕ್‌ನೇಮ್ ಕೇಳಿದರೆ ಕ್ಲೈಂಟ್ ಬಡಿದ ಅಸಲಿ ವಿಳಾಸ, ಪೋರ್ಟ್ ಸಿಗುತ್ತವೆ. ಯುಡಿಪಿಯಲ್ಲಿ ಕ್ಲೈಂಟ್ 8042ಕ್ಕೆ ಕಳಿಸಿದರೂ ಉತ್ತರ 7000ದಿಂದ ಹೊರಡುತ್ತದೆ, ಕನೆಕ್ಟ್ ಆದ ಕ್ಲೈಂಟ್ ಸಾಕೆಟ್ ಅದನ್ನು ತೆಗೆದುಕೊಳ್ಳುವುದಿಲ್ಲ. ಪ್ಯಾಕೆಟ್ ಇನ್ಫೊ ಆಯ್ಕೆಯಿಂದ ಮೂಲ ವಿಳಾಸ ಬದಲಾಗುತ್ತದೆಯೇ ಹೊರತು ಪೋರ್ಟ್ ಅಲ್ಲ. ಹಾಗಾಗಿ ಯುಡಿಪಿಗೆ ವಿಳಾಸಗಳ ಗುಂಪನ್ನು ಮಾತ್ರ ಇದರಿಂದ ನಿಭಾಯಿಸಿ, ಪೋರ್ಟ್ ಒಂದೇ ಇರಲಿ.