ಇಂಪ್ಲಾಂಟ್‌ಗೆ ಒಂದೊಂದು ಕಡೆ ಒಂದೊಂದು ದರ ಏಕೆ? ದಂತವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಡೊಂಬಿವಲಿಯಿಂದ): ನಮಸ್ಕಾರ ಡಾಕ್ಟರೇ. ನನ್ನ ತಾಯಿಗೆ 61 ವರ್ಷ. ಕೆಳದವಡೆಯ ಎಡಬದಿಯ ದೊಡ್ಡ ಹಲ್ಲನ್ನು ಎರಡು ವರ್ಷದ ಹಿಂದೆ ಕೀಳಿಸಿದ್ದೆವು. ಅಂದಿನಿಂದ ಒಂದೇ ಬದಿಯಲ್ಲಿ ಅಗಿಯುತ್ತಾರೆ. ಚಕ್ಕುಲಿ, ಕಡಲೆ ಎಲ್ಲ ಬಿಟ್ಟೇಬಿಟ್ಟಿದ್ದಾರೆ. ಇಂಪ್ಲಾಂಟ್ ಹಾಕಿಸೋಣವೆಂದು ಮೂರು ಕಡೆ ವಿಚಾರಿಸಿದೆ. ಡೊಂಬಿವಲಿಯಲ್ಲಿ 24,000 ಎಂದರು, ಠಾಣೆಯಲ್ಲಿ 38,000, ದಾದರ್‌ನಲ್ಲಿ 62,000. ಒಂದು ಹಲ್ಲಿಗೆ ಇಷ್ಟು ಅಂತರವೇ? ಕಡಿಮೆ ಹೇಳಿದವರನ್ನು ನಂಬಲು ಭಯ, ಹೆಚ್ಚು ಹೇಳಿದವರು ಸುಲಿಯುತ್ತಿದ್ದಾರೇನೋ ಎಂಬ ಅನುಮಾನ. ಅಮ್ಮನಿಗೆ ಸಕ್ಕರೆ ಕಾಯಿಲೆಯೂ ಇದೆ.

ಉತ್ತರ: ಮೂವರೂ ಒಂದೇ ಕೆಲಸಕ್ಕೆ ದರ ಹೇಳಿದ್ದಾರೆಯೇ ಎಂಬುದನ್ನು ಮೊದಲು ವಿಚಾರಿಸಿ. ಇಲ್ಲವೆಂದೇ ನನಗೆ ಅನ್ನಿಸುತ್ತದೆ.

ಇಂಪ್ಲಾಂಟ್ ಹಲ್ಲಿಗೆ ಮೂರು ಭಾಗಗಳಿರುತ್ತವೆ. ಮೂಳೆಯೊಳಗೆ ಕೂರುವ ಟೈಟೇನಿಯಂ ಸ್ಕ್ರೂ ಒಂದು, ಅದಕ್ಕೆ ಜೋಡಿಸಿ ವಸಡಿನಿಂದ ಮೇಲೆ ತರುವ ಅಬಟ್‌ಮೆಂಟ್ ಇನ್ನೊಂದು, ಕೊನೆಗೆ ಅಗಿಯಲು ಕ್ಯಾಪ್. ‘ಇಷ್ಟರಿಂದ ಆರಂಭ’ ಎಂದು ಫಲಕ ಹಾಕುವವರು ಎಷ್ಟೋ ಬಾರಿ ಸ್ಕ್ರೂ ಕೂರಿಸುವ ದರವನ್ನಷ್ಟೇ ಹೇಳಿರುತ್ತಾರೆ. ಈ ಪದ್ಧತಿ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಸ್ಕ್ರೂ ಮೂಳೆಗೆ ಸೇರಿದ ಮೇಲೆ ರೋಗಿ ಅರ್ಧದಲ್ಲಿ ಎದ್ದು ಬೇರೆ ಕಡೆಗೆ ಹೋಗುವುದು ಕಷ್ಟ. ಆಗ ಕ್ಯಾಪ್‌ಗೆ ಎಷ್ಟು ಕೇಳಿದರೂ ಕೊಡಲೇಬೇಕಾಗುತ್ತದೆ.

ಸ್ಕ್ರೂ ತಯಾರಿಸುವ ಕಂಪನಿಯಿಂದಲೂ ಬೆಲೆ ಬದಲಾಗುತ್ತದೆ. ಸ್ವಿಟ್ಜರ್ಲೆಂಡಿನ ಸ್ಟ್ರೌಮನ್, ಸ್ವೀಡನ್ ಮೂಲದ ನೋಬೆಲ್ ಬಯೋಕೇರ್ ದುಬಾರಿ. ಕೊರಿಯಾದ ಆಸ್ಟೆಮ್, ಇಸ್ರೇಲಿನ ಆಲ್ಫಾ ಬಯೋ ಅವುಗಳಿಗಿಂತ ಅಗ್ಗ. ಅಗ್ಗವಾದದ್ದು ಕಳಪೆ ಎಂದು ತಿಳಿಯಬೇಡಿ. ಟೈಟೇನಿಯಂ ಜೀವಂತ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೊನೆಮಾರ್ಕ್ 1950ರ ದಶಕದಲ್ಲಿ ಕಂಡುಕೊಂಡರು; 1965ರಲ್ಲಿ ಮನುಷ್ಯನ ದವಡೆಯಲ್ಲಿ ಮೊದಲ ಬಾರಿಗೆ ಬಳಸಿದರು. ಇಂದಿಗೂ ಎಲ್ಲ ಒಳ್ಳೆಯ ಕಂಪನಿಗಳ ಟೈಟೇನಿಯಂ ಇಂಪ್ಲಾಂಟ್‌ಗಳು ನಿಂತಿರುವುದು ಆ ಗುಣದ ಮೇಲೆಯೇ. ದುಬಾರಿ ಕಂಪನಿಗಳ ಹಿಂದೆ ದೀರ್ಘಕಾಲದ ಸಂಶೋಧನೆಯಿದೆ, ಅದಕ್ಕೂ ಬೆಲೆ ಸೇರುತ್ತದೆ. ಒಂದು ದವಡೆ ಹಲ್ಲಿಗೆ ನನ್ನ ತಾಯಿಗೇ ಆದರೂ ನಾನು ಮಧ್ಯಮ ದರದ, ಬಿಡಿಭಾಗಗಳು ಮುಂಬೈಯಲ್ಲಿ ಸುಲಭವಾಗಿ ಸಿಗುವ ಕಂಪನಿಯನ್ನೇ ಆರಿಸುತ್ತೇನೆ. ಕ್ಯಾಪ್‌ನಲ್ಲಿಯೂ ಹಾಗೆಯೇ: ಲೋಹದ ಮೇಲೆ ಪೋರ್ಸೆಲಿನ್ ಹಚ್ಚಿದ್ದಕ್ಕಿಂತ ಜಿರ್ಕೋನಿಯಾ ಎಂಬ ಗಟ್ಟಿಯಾದ ಬಿಳಿ ವಸ್ತುವಿಗೆ ಹೆಚ್ಚು ಹಣ.

ನಿಮ್ಮ ತಾಯಿಯ ವಿಷಯದಲ್ಲಿ ಮೂಳೆಯನ್ನು ನೋಡಲೇಬೇಕು. ಹಲ್ಲು ಕಿತ್ತ ಜಾಗದ ಮೂಳೆ ಮೊದಲ ವರ್ಷದಲ್ಲೇ ಬಹಳಷ್ಟು ಸವೆದು ಕಿರಿದಾಗುತ್ತದೆ. ಅಗಲ ಸಾಲದಿದ್ದರೆ ಮೂಳೆಪುಡಿ ತುಂಬಿಸಬೇಕು, ಅದರ ಖರ್ಚು ಬೇರೆ. ಅಲ್ಲದೆ ಕೆಳದವಡೆಯೊಳಗೆ ಕೆಳತುಟಿಗೆ ಸ್ಪರ್ಶಜ್ಞಾನ ಕೊಡುವ ನರ ಹಾದುಹೋಗುತ್ತದೆ. ಸ್ಕ್ರೂವಿನ ತುದಿಗೂ ಆ ನರಕ್ಕೂ ನಡುವೆ ಕನಿಷ್ಠ 2 ಮಿ.ಮೀ. ಅಂತರ ಉಳಿಯಬೇಕು. ಇದನ್ನು ಅಳೆಯಲು ಸಿಬಿಸಿಟಿ ಎಂಬ ಸ್ಕ್ಯಾನ್ ಬೇಕು. ಆ ಖರ್ಚಿಗೆ ಹಿಂಜರಿಯಬೇಡಿ. ಸ್ಕ್ಯಾನ್ ನೋಡದೆ ಖಚಿತ ದರ ಹೇಳಿದವರ ಮಾತನ್ನು ಅಂದಾಜು ಎಂದಷ್ಟೇ ತೆಗೆದುಕೊಳ್ಳಿ.

ಮೂವರ ಬಳಿಯೂ ಬರಹದಲ್ಲಿ ವಿವರ ಕೇಳಿ: ಕಂಪನಿ ಯಾವುದು, ಅಬಟ್‌ಮೆಂಟ್ ಮತ್ತು ಕ್ಯಾಪ್ ಸೇರಿವೆಯೇ, ಮೂಳೆಪುಡಿ ಬೇಕಾದರೆ ಎಷ್ಟು, ಸ್ಕ್ರೂ ಮೂಳೆಗೆ ಕಚ್ಚದೆ ಸಡಿಲವಾದರೆ ಮತ್ತೆ ಹಾಕಲು ಹಣ ಕೊಡಬೇಕೇ. ‘ಜೀವನಪರ್ಯಂತ ಗ್ಯಾರಂಟಿ’ ಎಂದರೆ ಯಾವ ಭಾಗಕ್ಕೆ ಎಂದೂ ಕೇಳಿ. ಸಾಮಾನ್ಯವಾಗಿ ಅದು ಸ್ಕ್ರೂವಿಗೆ ಮಾತ್ರ, ಒಡೆದ ಕ್ಯಾಪ್‌ಗಲ್ಲ.

ಪ್ರಶ್ನೆ (ಅವರದೇ): ತುಂಬಾ ಧನ್ಯವಾದ. ಅಮ್ಮ ‘ಊರಿಗೆ ಹೋಗಿ ಮಣಿಪಾಲದಲ್ಲೋ ಮಂಗಳೂರಿನಲ್ಲೋ ಮಾಡಿಸುತ್ತೇನೆ, ಅಲ್ಲಿ ಕಡಿಮೆ’ ಎಂದು ಹಟ ಹಿಡಿದಿದ್ದಾರೆ.

ಉತ್ತರ: ಹಟ ತಪ್ಪೇನಲ್ಲ. ಎರಡೂ ಕಡೆ ಒಳ್ಳೆಯ ದಂತ ಕಾಲೇಜುಗಳಿವೆ. ಆದರೆ ಇದು ಒಂದೇ ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ. ಸ್ಕ್ರೂ ಕೂರಿಸಿ, ವಾರ ಹತ್ತು ದಿನಕ್ಕೆ ಹೊಲಿಗೆ ಬಿಚ್ಚಿಸಬೇಕು. ಕೆಳದವಡೆಯಲ್ಲಿ ಮೂಳೆ ಬೆಸೆಯಲು ಸುಮಾರು ಮೂರು ತಿಂಗಳು ಕಾಯಬೇಕು, ಮೂಳೆಪುಡಿ ಹಾಕಿದ್ದರೆ ಇನ್ನೂ ಹೆಚ್ಚು. ಆಮೇಲೆ ಅಳತೆ, ಕ್ಯಾಪ್. ಅಮ್ಮ ಊರಿನಲ್ಲಿ ಎರಡು ಸಲ ಎರಡೆರಡು ವಾರ ಉಳಿಯುವುದಾದರೆ ಮತ್ಸ್ಯಗಂಧಾ ರೈಲಿನ ಟಿಕೆಟ್ ಸೇರಿಸಿದರೂ ಲಾಭವಾಗಬಹುದು. ನಡುವೆ ಊತ ಬಂದರೆ ನೋಡುವವರು ಯಾರು ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಿಕೊಳ್ಳಿ. ಮುಂಬೈಯಲ್ಲೇ ಆಗಬೇಕೆಂದರೆ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದ ಸರ್ಕಾರಿ ದಂತ ಕಾಲೇಜು, ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜು ಇವೆ. ಇಂಥ ಕಡೆ ಚಿಕಿತ್ಸಾ ಶುಲ್ಕ ಕಡಿಮೆ. ಇಂಪ್ಲಾಂಟ್ ಸಾಮಗ್ರಿಯ ಹಣ ಸಾಮಾನ್ಯವಾಗಿ ರೋಗಿಯದೇ. ಸಮಯ ಹೆಚ್ಚು ಹಿಡಿಯುತ್ತದೆ.

ಎಲ್ಲಿಯೇ ಮಾಡಿಸಿದರೂ ಒಂದು ಮಾತು ಮರೆಯಬೇಡಿ. ಇಂಪ್ಲಾಂಟ್ ಬರುವ ಡಬ್ಬಿಯೊಳಗೆ ಕಂಪನಿಯ ಹೆಸರು, ವ್ಯಾಸ, ಉದ್ದ, ಲಾಟ್ ಸಂಖ್ಯೆ ಇರುವ ಪುಟ್ಟ ಸ್ಟಿಕ್ಕರ್ ಇರುತ್ತದೆ. ಅದನ್ನು ಕೇಳಿ ಪಡೆದು ಅಮ್ಮನ ಫೈಲಿಗೆ ಅಂಟಿಸಿ, ಮೊಬೈಲ್‌ನಲ್ಲಿ ಫೋಟೋ ಇಟ್ಟುಕೊಳ್ಳಿ. ವರ್ಷಗಳ ಬಳಿಕ ಒಳಗಿನ ಸಣ್ಣ ತಿರುಪು ಸಡಿಲವಾಗಿ ಕ್ಯಾಪ್ ಅಲುಗಾಡುತ್ತದೆ ಎಂದು ನನ್ನ ಬಳಿ ಬರುವವರಿದ್ದಾರೆ. ತಿರುಪು ಬಿಗಿ ಮಾಡುವುದು ಹತ್ತು ನಿಮಿಷದ ಕೆಲಸ. ಆದರೆ ಕಂಪನಿಗೊಂದು ಜೋಡಣೆ, ಕೆಲವಕ್ಕೆ ಬೇರೆಯದೇ ಸ್ಕ್ರೂಡ್ರೈವರ್. ಯಾವ ಕಂಪನಿ ಎಂದು ರೋಗಿಗೆ ಗೊತ್ತಿಲ್ಲ, ಹಾಕಿದ ಚಿಕಿತ್ಸಾಲಯ ಮುಚ್ಚಿಹೋಗಿದೆ. ಎಕ್ಸ್‌ರೇಯಲ್ಲಿ ಸ್ಕ್ರೂವಿನ ಸುರುಳಿ ಎಳೆಗಳ ಆಕಾರ ನೋಡಿ ಊಹಿಸುತ್ತಾ ಕೂರಬೇಕಾಗುತ್ತದೆ. ಆ ಸ್ಟಿಕ್ಕರ್ ಇಲ್ಲದೆ ಗಟ್ಟಿಮುಟ್ಟಾದ ಹಲ್ಲನ್ನು ಕಳೆದುಕೊಳ್ಳುವ ಪ್ರಸಂಗ ಯಾರಿಗೂ ಬರಬಾರದು.

ಪ್ರಶ್ನೆ (ಪುಣೆ, ಕೋಥ್ರುಡ್): ಬೈಕ್ ಅಪಘಾತದಲ್ಲಿ ನನ್ನ ತಮ್ಮನ ಮುಂದಿನ ಹಲ್ಲು ಹೋಗಿದೆ. ವಿಮೆ ಸಿಗುತ್ತದೆಯೇ? ಬ್ರಿಡ್ಜ್ ಸಾಕೆಂದು ಒಬ್ಬರು ಹೇಳುತ್ತಾರೆ.

ಉತ್ತರ: ಆರೋಗ್ಯ ವಿಮೆಗಳು ಸಾಮಾನ್ಯವಾಗಿ ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುತ್ತವೆ, ಆದರೆ ಅಪಘಾತದಿಂದಾದ ಗಾಯಕ್ಕೆ ಹಲವು ಪಾಲಿಸಿಗಳಲ್ಲಿ ವಿನಾಯಿತಿ ಇರುತ್ತದೆ. ಆಸ್ಪತ್ರೆಗೆ ದಾಖಲಾಗಿರಬೇಕೆಂಬ ಷರತ್ತೂ ಇರಬಹುದು. ಪಾಲಿಸಿಯ ಆ ಪುಟ ಓದಿ, ಅಪಘಾತದ ದಿನದ ಆಸ್ಪತ್ರೆ ಕಾಗದ, ಎಕ್ಸ್‌ರೇ ಜೋಪಾನ ಮಾಡಿ. ಬ್ರಿಡ್ಜ್ ಎಂದರೆ ಅಕ್ಕಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲಿಸುವ ಕೃತಕ ಹಲ್ಲು. ಅದಕ್ಕಾಗಿ ಆ ಎರಡು ಹಲ್ಲುಗಳನ್ನು ಅರೆಯಬೇಕು. ಅವು ಹಾಳಾಗಿ ಹೇಗಿದ್ದರೂ ಕ್ಯಾಪ್ ಬೇಕಾಗಿದ್ದರೆ ಬ್ರಿಡ್ಜ್ ಒಳ್ಳೆಯದೇ. ಆರೋಗ್ಯವಾಗಿದ್ದರೆ ಅರೆಯುವ ಮೊದಲು ಎರಡು ಬಾರಿ ಯೋಚಿಸಿ. ಅರೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ತಮ್ಮನಿಗೆ 18 ತುಂಬಿಲ್ಲದಿದ್ದರೆ ಇಂಪ್ಲಾಂಟ್ ಈಗಲೇ ಬೇಡ, ದವಡೆ ಇನ್ನೂ ಬೆಳೆಯುತ್ತಿರುತ್ತದೆ.

ಪ್ರಶ್ನೆ (ಡೊಂಬಿವಲಿಯವರು ಮತ್ತೆ): ಡಾಕ್ಟರೇ, ಬರಹದಲ್ಲಿ ವಿವರ ಕೇಳಿದೆ. 24,000 ಬರೀ ಸ್ಕ್ರೂವಿಗೆ. ಅಬಟ್‌ಮೆಂಟ್ 5,000, ಕ್ಯಾಪ್ 12,000. ಒಟ್ಟು 41,000! ಠಾಣೆಯವರ 38,000ದಲ್ಲಿ ಎಲ್ಲವೂ ಸೇರಿದೆ, ಕೊರಿಯಾದ ಕಂಪನಿ, ಸ್ಕ್ಯಾನ್ ಮಾತ್ರ ಬೇರೆ. ಅಲ್ಲಿಯೇ ಮುಂಗಡ ಕೊಡಲೇ?

ಉತ್ತರ: ಮುಂಗಡಕ್ಕೆ ಮೊದಲು ಎಚ್‌ಬಿಎ1ಸಿ, ಅಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ ಮಾಡಿಸಿ. 7ರ ಆಸುಪಾಸಿನಲ್ಲಿದ್ದರೆ ಮುಂದುವರಿಯಬಹುದು. 8 ದಾಟಿದ್ದರೆ ಮೊದಲು ಸಕ್ಕರೆ ಹತೋಟಿಗೆ ಬರಲಿ, ಗಾಯ ಮಾಯಲು ಅದು ಬೇಕೇಬೇಕು. ಇನ್ನೊಂದು ವಿಷಯ, ಮೂಳೆ ಸವೆತಕ್ಕೆಂದು ಅಮ್ಮ ಅಲೆಂಡ್ರೊನೇಟ್ ಮಾತ್ರೆಯನ್ನೋ ವರ್ಷಕ್ಕೊಮ್ಮೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ನನ್ನೋ ತೆಗೆದುಕೊಂಡಿದ್ದಾರೆಯೇ? ದವಡೆಯ ಮೂಳೆ ಮಾಯುವುದಕ್ಕೆ ಅವು ಅಡ್ಡಿಯಾಗಬಹುದು. ಈ ವಯಸ್ಸಿನ ಹೆಂಗಸರು ಹಲ್ಲಿಗೂ ಆ ಔಷಧಕ್ಕೂ ಏನು ಸಂಬಂಧ ಎಂದುಕೊಂಡು ಹೇಳುವುದೇ ಇಲ್ಲ. ಅಮ್ಮನ ಎಲ್ಲ ಮಾತ್ರೆ ಚೀಟಿಗಳನ್ನೂ ಠಾಣೆಯ ವೈದ್ಯರ ಮುಂದಿಡಿ. ವರದಿ ಬಂದ ಮೇಲೆ ಇಲ್ಲಿ ಬರೆಯಿರಿ, ನೋಡುತ್ತೇನೆ.