ಪದಚರ್ಚೆ: ‘ಒವಿಎ’ಗೆ ಕನ್ನಡದಲ್ಲಿ ಏನೆನ್ನೋಣ? (ನಾಳೆ ಅಚ್ಚಿಗೆ ಹೋಗಬೇಕು)

ತುಮಕೂರಿನಿಂದ

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕಾಗಿದೆ, ಬಲ್ಲವರು ಕೈಹಿಡಿಯಬೇಕು.

ನಮ್ಮೂರಿನ ಗೆಳೆಯರು ಜಪಾನಿನ ಅನಿಮೆ ಸರಣಿಯೊಂದನ್ನು ತೋರಿಸುತ್ತಿದ್ದಾರೆ. ಪರಿಚಯದ ಕೈಹಾಳೆ ಮತ್ತು ಬಾಗಿಲ ಬಳಿಯ ಫಲಕ ಕನ್ನಡದಲ್ಲಿ ಇರಬೇಕೆಂದು ಹಟ ಹಿಡಿದವನು ನಾನೇ, ಹಾಗಾಗಿ ಕೆಲಸವೂ ನನ್ನ ಪಾಲಿಗೇ ಬಂತು. ಸರಣಿಯ ಹೆಸರು ಜಪಾನಿಯಲ್ಲಿ ‘ರೋಡೊಸುತೋ ಸೆಂಕಿ’, ಇಂಗ್ಲಿಷಿನಲ್ಲಿ ‘ರೆಕಾರ್ಡ್ ಆಫ್ ಲೋಡಾಸ್ ವಾರ್’. ಒಟ್ಟು 13 ಕಂತು, 1990ರ ಜೂನ್‌ನಿಂದ 1991ರ ನವೆಂಬರ್‌ವರೆಗೆ ಹೊರಬಂದದ್ದು, ಮ್ಯಾಡ್‌ಹೌಸ್ ಸ್ಟುಡಿಯೊ ತಯಾರಿಸಿದ್ದು. ಪಾರ್ನ್ ಎಂಬ ಹುಡುಗ, ಡೀಡ್‌ಲಿಟ್ ಎಂಬ ಎಲ್ಫ್ (ಪಶ್ಚಿಮದ ಕಥೆಗಳಲ್ಲಿ ಬರುವ ಮಾಯಾಜನ) ಹೆಣ್ಣು, ಗಿಮ್ ಎಂಬ ಕುಳ್ಳ ಯೋಧ, ಜೊತೆಗೆ ಮಂತ್ರವಾದಿ, ಅರ್ಚಕ, ಕಳ್ಳ, ಹೀಗೆ ಆರು ಜನರ ಸಾಹಸದ ಕಥೆ.

ತೊಡಕು ಏನೆಂದರೆ ಇದು ಮೊದಲು ಟಿವಿಯಲ್ಲಿ ಬಂದದ್ದಲ್ಲ, ಟಾಕೀಸಿನಲ್ಲೂ ಅಲ್ಲ. ನೇರವಾಗಿ ವಿಡಿಯೊ ಕ್ಯಾಸೆಟ್ಟು, ಲೇಸರ್ ಡಿಸ್ಕುಗಳಲ್ಲಿ ಮಾರಾಟಕ್ಕೆ ಬಂತು. ಇಂಥದ್ದಕ್ಕೆ ಒವಿಎ, ಅಂದರೆ ‘ಒರಿಜಿನಲ್ ವಿಡಿಯೊ ಅನಿಮೇಷನ್’ ಎನ್ನುತ್ತಾರೆ. 1998ರಲ್ಲಿ ಇದೇ ಲೋಡಾಸಿನ ಕಥೆ 27 ಕಂತುಗಳ ಟಿವಿ ಸರಣಿಯಾಗಿ ಬೇರೆಯೇ ಬಂದಿದೆ. ನಾವು ತೋರಿಸುವುದು ಅದಲ್ಲ ಎಂದು ಫಲಕದಲ್ಲೇ ತಿಳಿಯಬೇಕು. ಸದ್ಯಕ್ಕೆ ‘ಮೂಲ ವಿಡಿಯೊ ಅನಿಮೇಷನ್’ ಎಂದು ಬರೆದಿಟ್ಟಿದ್ದೇನೆ. ಮನಸ್ಸಿಗೆ ಒಪ್ಪುತ್ತಿಲ್ಲ. ನಾಳೆ ಸಂಜೆ ಅಚ್ಚಿನವರಿಗೆ ಕೊಡಬೇಕು.

ಬೆಂಗಳೂರಿನಿಂದ

‘ಮೂಲ’ ಸಕ್ಕದ (ಸಂಸ್ಕೃತ), ‘ವಿಡಿಯೊ’ ಇಂಗ್ಲಿಶ್, ‘ಅನಿಮೇಶನ್’ ಇಂಗ್ಲಿಶ್. ಮೂರರಲ್ಲಿ ಒಂದೂ ನಮ್ಮದಲ್ಲ. ಕನ್ನಡದ ಹಲಗೆಯಲ್ಲಿ ಕನ್ನಡವೇ ಇಲ್ಲವೆಂದರೆ ಹಲಗೆ ಯಾಕೆ?

‘ಓಡುತಿಟ್ಟ’ ಬಳಕೆಯಲ್ಲಿದೆ, ತಿಟ್ಟ ಅಂದರೆ ಚಿತ್ರ. ಬರೆದ ತಿಟ್ಟಗಳನ್ನು ಓಡಿಸಿದರೆ ‘ಬರೆದೋಟ’ ಅನ್ನಬಹುದು. ನಿಮಗೆ ಬೇಕಾದದ್ದು ‘ಮನೆತೆರೆ ಬರೆದೋಟ’. ಬೆಳ್ಳಿತೆರೆ ಇದೆ, ಕಿರುತೆರೆ ಇದೆ, ಅದೇ ಸಾಲಿನಲ್ಲಿ ಮನೆತೆರೆ. ನುಡಿ ತಾನಾಗಿ ತೋರಿಸುವ ದಾರಿ ಇದು, ಯಾವ ನಿಗಂಟನ್ನೂ ತೆರೆಯಬೇಕಿಲ್ಲ.

ಉಡುಪಿಯಿಂದ

ತಿಟ್ಟು ಅಂದರೆ ನಮ್ಮ ಕಡೆ ಬಡಗುತಿಟ್ಟು, ತೆಂಕುತಿಟ್ಟು. ಯಕ್ಷಗಾನದ ಮಾತು ಅದು, ಒಂದು ಪ್ರದೇಶದ ಆಟದ ಶೈಲಿ ಎಂಬ ಅರ್ಥದಲ್ಲಿ ಇವತ್ತಿಗೂ ದಿನನಿತ್ಯ ಬಳಸುತ್ತೇವೆ. ಜೀವಂತ ಇರುವ ಪದದ ಪಕ್ಕದಲ್ಲೇ ಇನ್ನೊಂದು ‘ತಿಟ್ಟ’ ತಂದಿಟ್ಟರೆ ಕರಾವಳಿಯವರಿಗೆ ಗೊಂದಲ. ಒಪ್ಪಲಾರೆ.

‘ಮನೆತೆರೆ’ಯೂ ನಿಲ್ಲುವುದಿಲ್ಲ. ಕಿರುತೆರೆ ಇರುವುದೂ ಮನೆಯಲ್ಲೇ ಅಲ್ಲವೇ? ಟಿವಿಯಲ್ಲಿ ಬಂದದ್ದಲ್ಲ ಎಂದು ಹೇಳಬೇಕಾದ ಕಡೆ ಟಿವಿಯನ್ನೇ ನೆನಪಿಸುವ ಪದ ಯಾಕೆ?

ಶಿರಸಿಯಿಂದ

ಅನಿಮೇಷನ್ ಎಂಬ ಪದವನ್ನು ಪರದೇಶಿ ಎಂದು ತಳ್ಳುವ ಮೊದಲು ಒಂದು ಮಾತು. ‘ಅನಿಮೇಷ’ ಎಂದರೆ ಕಣ್ಣು ಮಿಟುಕಿಸದಿರುವುದು. ದೇವತೆಗಳು ಅನಿಮಿಷರು, ಮೀನು ಅನಿಮಿಷ, ಅಲ್ಲಮನ ಗುರು ಅನಿಮಿಷಯ್ಯ. ರೆಪ್ಪೆ ಮಿಟುಕಿಸದೆ ನೋಡಿಸಿಕೊಳ್ಳುವ ಚಿತ್ರಕ್ಕೆ ಅನಿಮೇಷಚಿತ್ರ ಎನ್ನುವುದಕ್ಕಿಂತ ಒಳ್ಳೆಯ ಹೆಸರು ಬೇಕೇ? ಧ್ವನಿಯೂ ಕೂಡಿಬರುತ್ತದೆ, ಅರ್ಥವೂ ಕೂಡಿಬರುತ್ತದೆ. ಎರಡು ಪದಗಳಿಗೂ ಬೇರು ಒಂದೇ ಇರಬೇಕೆಂಬುದು ನನ್ನ ಗಟ್ಟಿ ನಂಬಿಕೆ.

ಮೈಸೂರಿನಿಂದ

ನಂಬಿಕೆಯಿಂದ ವ್ಯುತ್ಪತ್ತಿ ಆಗುವುದಿಲ್ಲ. ಅನಿಮೇಷ ಎಂಬುದು ನಿಷೇಧದ ‘ಅ’ ಮತ್ತು ‘ನಿಮೇಷ’. ಅನಿಮೇಷನ್ನಿನ ಹಿಂದಿರುವುದು ಲ್ಯಾಟಿನ್ನಿನ ‘ಅನಿಮ’, ಉಸಿರು ಎಂದರ್ಥ. ಇವೆರಡಕ್ಕೂ ಸಂಬಂಧವಿಲ್ಲ. ಸಂಸ್ಕೃತದಲ್ಲಿ ಅದರ ನೆಂಟ ಬೇಕಿದ್ದರೆ ‘ಅನ್’ ಧಾತುವನ್ನು ನೋಡಿ, ಪ್ರಾಣ, ಅನಿಲ ಎಲ್ಲ ಅದರವೇ. ನಾನಾದರೆ ಸಪ್ರಾಣಚಿತ್ರ ಎನ್ನುತ್ತೇನೆ.

‘ಬರೆದೋಟ’ದ ಬಗ್ಗೆ: ಭೂತಕೃದಂತಕ್ಕೆ ಭಾವನಾಮ ಅಂಟಿಸಿ ಸಮಾಸವೆಂದರೆ ಆಯಿತೇ? ವಿಗ್ರಹಿಸಿ ತೋರಿಸಿ.

ಓಸಾಕಾದಿಂದ

ಕೇಳಿದವರ ಅನುಮಾನ ನ್ಯಾಯವಾದದ್ದು. ಇಲ್ಲಿ ಎಲ್ಲರೂ ಅನಿಮೇಷನ್ನಿನ ಬೆನ್ನು ಹತ್ತಿದ್ದೀರಿ, ಆದರೆ ಕಾಲು ಜಾರುವ ಜಾಗ ಅದಲ್ಲ. ‘ಒರಿಜಿನಲ್’ ಎಂಬಲ್ಲಿ ಜಾರುತ್ತದೆ.

ಇದು ಜಪಾನಿನವರೇ ಇಂಗ್ಲಿಷ್ ಪದಗಳನ್ನು ಜೋಡಿಸಿ ಕಟ್ಟಿಕೊಂಡ ಹೆಸರು. ಕಥೆ ಸ್ವಂತದ್ದು ಎಂಬ ಅರ್ಥ ಅದಕ್ಕಿಲ್ಲ. ಈ ಸರಣಿಯನ್ನೇ ನೋಡಿ. 1986ರಿಂದ ‘ಕಂಪ್ಟೀಕ್’ ಎಂಬ ಕಂಪ್ಯೂಟರ್ ಆಟಗಳ ಪತ್ರಿಕೆಯಲ್ಲಿ ಒಂದು ಬರಹಮಾಲೆ ಬರುತ್ತಿತ್ತು. ಕೆಲವರು ಮೇಜಿನ ಸುತ್ತ ಕೂತು ದಾಳ ಉರುಳಿಸಿ ‘ಡಂಜನ್ಸ್ ಆಂಡ್ ಡ್ರಾಗನ್ಸ್’ ಆಡುವಾಗ ಆಡಿದ ಮಾತುಗಳನ್ನೇ ಬರೆದು ಅಚ್ಚು ಹಾಕುತ್ತಿದ್ದರು. ಅದಕ್ಕೆ ‘ರಿಪ್ಲೇ’ ಎಂದೇ ಹೆಸರು. ಆ ಆಟವನ್ನು ನಡೆಸಿಕೊಡುತ್ತಿದ್ದ ರ್‍ಯೋ ಮಿಜುನೊ 1988ರಲ್ಲಿ ಅದನ್ನು ಕಾದಂಬರಿ ಮಾಡಿದರು. ಆಮೇಲೆ ಬಂತು ಈ 13 ಕಂತು. ಆಟ, ಪತ್ರಿಕೆ, ಕಾದಂಬರಿ ಎಲ್ಲ ದಾಟಿ ಬಂದ ಕಥೆಯನ್ನೂ ‘ಒರಿಜಿನಲ್’ ಎನ್ನುತ್ತಾರೆಂದರೆ, ಅಲ್ಲಿ ಒರಿಜಿನಲ್ ಆಗಿರುವುದು ಕಥೆಯಲ್ಲ, ಬಿಡುಗಡೆ. ಟಿವಿಯದ್ದನ್ನೋ ಸಿನಿಮಾವನ್ನೋ ಕ್ಯಾಸೆಟ್ಟಿಗೆ ಇಳಿಸಿದ್ದಲ್ಲ, ಕ್ಯಾಸೆಟ್ಟಿಗೆಂದೇ ಮಾಡಿದ್ದು, ಅಷ್ಟೇ.

ಈಗ ‘ಮೂಲ’ ಎಂದು ಬರೆದರೆ ಏನಾಗುತ್ತದೆ ನೋಡಿ. 1998ರ ಟಿವಿ ಸರಣಿ ಇರುವುದರಿಂದ ಓದುವವರು ‘ಇದು ಮೂಲ, ಅದು ನಕಲು’ ಎಂದೇ ತಿಳಿಯುತ್ತಾರೆ. ದಯವಿಟ್ಟು ಆ ಪದ ತೆಗೆಯಿರಿ.

ಈ ಬಗೆಯ ಮೊದಲನೆಯದು 1983ರ ಡಿಸೆಂಬರಿನಲ್ಲಿ ಬಂದ ‘ಡಾಲೋಸ್’, ಚಂದ್ರನ ಮೇಲಿನ ವಸಾಹತಿನ ಕಥೆ. ಮನೆಮನೆಗೆ ವಿಸಿಆರ್ ಬಂದ ಕಾಲ ಅದು. ಪ್ರಸಾರದ ಸಮಯಕ್ಕೆ ಕಂತನ್ನು ಕತ್ತರಿಸಬೇಕಿಲ್ಲ, ಪ್ರಾಯೋಜಕರ ಮುಖ ನೋಡಬೇಕಿಲ್ಲ. ಅಭಿಮಾನಿಗಳು ದುಬಾರಿ ಬೆಲೆ ಕೊಟ್ಟು ಕ್ಯಾಸೆಟ್ಟು ಕೊಳ್ಳುತ್ತಿದ್ದುದರಿಂದ ಚಿತ್ರ ಬರೆಯಲು ಹಣವೂ ಇತ್ತು, ಪುರುಸೊತ್ತೂ ಇತ್ತು. ಲೋಡಾಸಿನ ಕುದುರೆ, ಕವಚ, ಡ್ರ್ಯಾಗನ್ನುಗಳ ಮೇಲೆ ಮಾಡಿರುವ ಕೆಲಸ ನೋಡಿದವರಿಗೆ ಇದು ಹೇಳದೆಯೂ ತಿಳಿಯುತ್ತದೆ. ‘ವಿಡಿಯೊಗೆಂದೇ’ ಎಂಬ ಭಾವ ಹೆಸರಿನಲ್ಲಿ ಬರಲೇಬೇಕು ಎನ್ನುವುದು ಅದಕ್ಕೇ.

ಅಂದಹಾಗೆ ಜಪಾನಿಯಲ್ಲಿ ಅನಿಮೇಷನ್ನಿಗೆ ‘ದೋಗ’ ಎಂಬ ಪದ ಇತ್ತು. ‘ದೋ’ ಚಲನೆ, ‘ಗ’ ಚಿತ್ರ. 1956ರಲ್ಲಿ ಶುರುವಾದ ದೊಡ್ಡ ಸಂಸ್ಥೆಯ ಹೆಸರೇ ತೋಯೆ ದೋಗ ಎಂದಿತ್ತು. 1998ರಲ್ಲಿ ಅವರು ಜಪಾನಿ ಹೆಸರನ್ನೂ ತೋಯೆ ಅನಿಮೇಷನ್ ಎಂದು ಬದಲಿಸಿಕೊಂಡರು. ಈಗ ದೋಗ ಎಂದರೆ ಜನಸಾಮಾನ್ಯರಿಗೆ ಮೊಬೈಲಿನಲ್ಲಿ ನೋಡುವ ವಿಡಿಯೊ.

ಬೆಂಗಳೂರಿನಿಂದ

ಓಸಾಕಾದವರೇ ಹೇಳಿದರು ನೋಡಿ. ತಮ್ಮದೇ ಪದ ಇತ್ತು, ಕಯ್ಬಿಟ್ಟರು, ಈಗ ಅದು ಬೇರೆ ಯಾವುದಕ್ಕೋ ಅಂಟಿಕೊಂಡಿದೆ. ಎರವಲು ಒಮ್ಮೆ ಒಳಗೆ ಬಂದರೆ ಮನೆಯವರನ್ನು ಹೊರಗೆ ಕಳಿಸುತ್ತದೆ. ನಮ್ಮಲ್ಲಿ ಆಂಡಯ್ಯ ಎಂಟುನೂರು ವರುಶದ ಹಿಂದೆಯೇ ಸಕ್ಕದವನ್ನು ಬಿಟ್ಟು ‘ಕಬ್ಬಿಗರ ಕಾವ’ವನ್ನು ಬರೆದು ತೋರಿಸಿದ. ಬೇಕೆಂಬ ಮನಸ್ಸಿದ್ದರೆ ಆಗುತ್ತದೆ.

ಓಸಾಕಾದಿಂದ

ದೋಗ ‘ತಮ್ಮದೇ’ ಪದವಲ್ಲ. ಎರಡೂ ಚೀನೀ ಬೇರುಗಳು. ಅಚ್ಚ ಜಪಾನಿ ಬೇಕಿದ್ದರೆ ‘ಉಗೊಕು’, ಅಂದರೆ ಅಲುಗಾಡು, ಎಂಬಂಥ ಪದದಿಂದ ಏನನ್ನೋ ಕಟ್ಟಬೇಕು. ನಮಗೆ ಸಂಸ್ಕೃತ ಹೇಗೋ ಅವರಿಗೆ ಚೀನೀ ಹಾಗೆ. ಅವರು ಒಂದು ಎರವಲನ್ನು ಬಿಟ್ಟು ಇನ್ನೊಂದನ್ನು ಹಿಡಿದರು. ಇದರಿಂದ ನಿಮ್ಮ ವಾದಕ್ಕೆ ಬಲ ಬರುವುದಿಲ್ಲ.

ಮೈಸೂರಿನಿಂದ

ಆಂಡಯ್ಯ ಬಿಟ್ಟದ್ದು ತತ್ಸಮವನ್ನು. ತದ್ಭವ ಬಿಡಲಿಲ್ಲ. ಕಾವ್ಯದಿಂದ ಕಬ್ಬ, ಕಬ್ಬದಿಂದ ಕಬ್ಬಿಗ. ನೀವು ಎತ್ತಿಹಿಡಿದ ಹೆಸರಿನ ಮೊದಲ ಪದವೇ ಸಂಸ್ಕೃತದಿಂದ ಬಂದದ್ದು. ಆಂಡಯ್ಯನನ್ನು ಓದಿ, ಆಮೇಲೆ ಸಾಕ್ಷಿಗೆ ಕರೆಯಿರಿ.

ಬೆಂಗಳೂರಿನಿಂದ

ಓದಿದ್ದೇನೆ. ತನ್ನ ಬಾಯಿಗೆ ಒಗ್ಗಿಸಿಕೊಂಡು ಬಳಸಿದ, ನಾನು ಕೇಳುತ್ತಿರುವುದೂ ಅದನ್ನೇ. ‘ಸಪ್ರಾಣಚಿತ್ರ’ ಯಾರ ಬಾಯಿಗೆ ಒಗ್ಗಿದೆ?

ಧಾರವಾಡದಿಂದ

ಜಗಳ ಆಮೇಲೆ ಮಾಡ್ರಿ, ಅವರು ನಾಳೆ ಅಚ್ಚಿಗೆ ಕೊಡಬೇಕು.

ಕನ್ನಡದಾಗ ಇದಕ್ಕ ಒಂದು ದಾರಿ ಆಗಲೇ ಬಿದ್ದದ. ‘ಧ್ವನಿಸುರುಳಿ’. ಭಾವಗೀತೆ, ವಚನ, ಸಿನಿಮಾ ಹಾಡು ಎಲ್ಲದಕ್ಕೂ ಧ್ವನಿಸುರುಳಿ ಬಿಡುಗಡೆ ಅಂತ ಪತ್ರಿಕೆಯವರು ಬರದ್ರು, ಜನ ಒಪ್ಪಿಕೊಂಡ್ರು. ಕ್ಯಾಸೆಟ್ಟು ಹೋಗಿ ಸೀಡಿ ಬಂದ ಮ್ಯಾಲೂ ಧ್ವನಿಸುರುಳಿ ಬಿಡುಗಡೆ ಅಂತಲೇ ಬರೀತಿದ್ರು. ಸೀಡಿಯೊಳಗ ಸುರುಳಿ ಎಲ್ಲದ ಅಂತ ಯಾರೂ ಕೇಳಲಿಲ್ಲ. ಹಂಗಾಗಿ ಲೇಸರ್ ಡಿಸ್ಕು ಅಂತ ಅಂಜಬ್ಯಾಡ್ರಿ. ‘ವಿಡಿಯೊಸುರುಳಿ ಸರಣಿ’ ಅಂತ ಹಾಕ್ರಿ. ಬಾಡಿಗಿಗೆ ವಿಸಿಆರ್ ತಂದು ರಾತ್ರಿಯೆಲ್ಲಾ ಸಿನಿಮಾ ನೋಡಿದ ತಲೆಮಾರು ಇನ್ನೂ ಅದ, ಓದಿದ ಕೂಡಲೇ ತಿಳೀತದ.

ಮೈಸೂರಿನಿಂದ

ಧ್ವನಿಸುರುಳಿ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ವಿಡಿಯೊಸುರುಳಿ ಅದಕ್ಕಿಂತ ಕಡೆ. ರೂಢಿಗೆ ಬಂದ ಒಂದು ತಪ್ಪನ್ನು ತೋರಿಸಿ ಇನ್ನೊಂದನ್ನು ಹುಟ್ಟಿಸಬಾರದು. ಗ್ರಾಮಫೋನಿನ ಕಾಲದಿಂದ ‘ಧ್ವನಿಮುದ್ರಿಕೆ’ ಇದೆ. ತಟ್ಟೆಗೂ ಸಲ್ಲುತ್ತದೆ, ಸುರುಳಿಗೂ ಸಲ್ಲುತ್ತದೆ. ‘ದೃಶ್ಯಮುದ್ರಿಕೆ’ ಎನ್ನಿ.

ಧಾರವಾಡದಿಂದ

ಮಂಗಳಾರತಿನೂ ಅರಿಸಮಾಸವೇ. ದಿನಾ ಬೆಳಗ್ತೀವಿ. ವ್ಯಾಕರಣ ಬರೆದ ಕೇಶಿರಾಜ ಹಿಂದಿನವರು ಬಳಸಿದ್ದನ್ನ ಒಪ್ಪಿಕೊಂಡ, ಮುಂದಿನವರು ಬಳಸೋದನ್ನ ನಾವು ಒಪ್ಪಿಕೊಳ್ಳಬೇಕು. ಭಾಷಾ ಬೆಳೆಯೋದು ಹಂಗ.

ಶಿರಸಿಯಿಂದ

ದೃಶ್ಯಮುದ್ರಿಕೆ ಚೆನ್ನಾಗಿದೆ, ಸುರುಳಿಗಿಂತ ಗಂಭೀರ. ಬೇರಿನ ವಿಷಯದಲ್ಲಿ ಮೈಸೂರಿನವರ ಮಾತು ಒಪ್ಪುತ್ತೇನೆ, ಆದರೆ ಅನಿಮೇಷಚಿತ್ರ ಎಂಬ ಹೆಸರನ್ನು ಬಿಡಲಾರೆ. ಬೇರು ಒಂದಾಗದಿದ್ದರೂ ಅರ್ಥ ಕೂಡುತ್ತದೆ.

ಕೈಹಾಳೆಯಲ್ಲಿ ಎಲ್ಫ್ ಎಂಬುದನ್ನು ಹಾಗೇ ಬಿಡುತ್ತೀರಾ? ಕಿನ್ನರಿ ಎನ್ನಬಹುದಲ್ಲ? ಕಾಡು, ಸಂಗೀತ, ಚೆಲುವು, ದೀರ್ಘಾಯುಷ್ಯ ಎಲ್ಲವೂ ಹೊಂದುತ್ತದೆ.

ಮೈಸೂರಿನಿಂದ

ಕಿನ್ನರರದು ಕುದುರೆಮುಖ.

ಓಸಾಕಾದಿಂದ

ಎಲ್ಫ್ ಎಂದೇ ಇರಲಿ. ಜಪಾನಿಯಲ್ಲೂ ‘ಎರುಫು’ (ಎಲ್ಫ್), ‘ದೊವಾಫು’ (ಡ್ವಾರ್ಫ್, ಗಿಮ್‌ನಂಥ ಕುಳ್ಳ) ಎಂದು ಹೊರಗಿನ ಪದ ಬರೆಯುವ ಲಿಪಿಯಲ್ಲೇ ಬರೆದಿದ್ದಾರೆ, ತಮ್ಮ ಪುರಾಣದ ಯಾವ ಹೆಸರನ್ನೂ ಹಚ್ಚಲಿಲ್ಲ. ಅದು ಹೊರಗಿನಿಂದ ಬಂದ ಲೋಕ ಎಂದು ನೋಡುವವರಿಗೆ ತಿಳಿಯಲಿ ಎಂಬುದೂ ಕಥೆಯ ಸ್ವಾದದ ಭಾಗ. ಡೀಡ್‌ಲಿಟ್‌ಳ ಮೊಲದಂಥ ಉದ್ದ ಕಿವಿ ಆಮೇಲೆ ಎಷ್ಟೋ ಜಪಾನಿ ಎಲ್ಫ್‌ಗಳಿಗೆ ಅಂಟಿಕೊಂಡಿತು. ಅವಳನ್ನು ಕಿನ್ನರಿ ಎಂದರೆ ಆ ಕಿವಿಯೇ ಮರೆಯಾಗುತ್ತದೆ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ‘ಸೆಂಕಿ’. ‘ಸೆನ್’ ಕಾಳಗ, ‘ಕಿ’ ಬರೆದಿಟ್ಟದ್ದು. 712ರ ‘ಕೊಜಿಕಿ’ಯ ಕೊನೆಯಲ್ಲಿರುವುದೂ ಇದೇ ‘ಕಿ’. ಅಂಥ ಹಳಮೆಯ ತೂಕ ಆ ಹೆಸರಿಗಿದೆ. ‘ಯುದ್ಧದ ದಾಖಲೆ’ ಎಂದರೆ ಸರಕಾರಿ ಕಡತದ ಹಾಗೆ ಕೇಳುತ್ತದೆ.

ಉಡುಪಿಯಿಂದ

‘ಕಾಳಗ’ ಎಂದರೆ ಸಾಕು. ಕರ್ಣಾರ್ಜುನ ಕಾಳಗ ಎಂದಾಗ ನಾವು ಅದನ್ನು ಬರೀ ಹೊಡೆದಾಟ ಎಂದುಕೊಳ್ಳುವುದಿಲ್ಲ, ಪ್ರಸಂಗ ಎಂದೇ ತಿಳಿಯುತ್ತೇವೆ. ಕಥೆ, ಕಟ್ಟಿದ ಪದ್ಯ, ರಾತ್ರಿಯಿಡೀ ನಡೆಯುವ ಆಟ ಎಲ್ಲ ಅದರೊಳಗೇ ಇದೆ. ‘ದಾಖಲೆ’, ‘ವೃತ್ತಾಂತ’ ಏನೂ ಸೇರಿಸಬೇಡಿ. ಲೋಡಾಸ್ ದ್ವೀಪದ ಕಾಳಗ.

ಬೆಂಗಳೂರಿನಿಂದ

ಕಾಳಗ ಸರಿ. ದ್ವೀಪ ಯಾಕೆ? ನಡುಗಡ್ಡೆ ಇದೆ, ಕುದುರು ಇದೆ.

ಉಡುಪಿಯಿಂದ

ಕುದುರು ಹೊಳೆಯ ನಡುವಿನದು. ಇದು ರಾಜ್ಯಗಳು, ಮರುಭೂಮಿ ಎಲ್ಲ ಇರುವ ದೊಡ್ಡ ನೆಲ, ಸುತ್ತ ಸಮುದ್ರ. ನಡುಗಡ್ಡೆ ಆಗಬಹುದು.

ತುಮಕೂರಿನಿಂದ

ಎಲ್ಲರಿಗೂ ವಂದನೆ. ಈಗಷ್ಟೇ ಅಚ್ಚಿನವರಿಗೆ ಕಳಿಸಿದೆ.

‘ಮೂಲ’ ತೆಗೆದಿದ್ದೇನೆ. ಓಸಾಕಾದವರು ಹೇಳಿದ ಮೇಲೆ ಅದನ್ನು ಇಡಲು ಆಗಲೇ ಇಲ್ಲ. ದೃಶ್ಯಮುದ್ರಿಕೆ, ವಿಡಿಯೊಸುರುಳಿ ಎರಡನ್ನೂ ಫಲಕದ ಅಳತೆಯ ಹಾಳೆಯಲ್ಲಿ ಬರೆದು ಮನೆಯವರಿಗೆ, ಪಕ್ಕದ ಅಂಗಡಿಯವರಿಗೆ ತೋರಿಸಿದೆ. ಮೊದಲನೆಯದಕ್ಕೆ ‘ಏನಿದು’ ಎಂದು ಕೇಳಿದರು. ಎರಡನೆಯದು ತಿಳಿಯಿತು, ಆದರೆ ‘ಹಳೇ ಕ್ಯಾಸೆಟ್ ಹಾಕಿ ತೋರಿಸ್ತಾರಾ’ ಎಂದರು. ಹಾಗಾಗಿ ಒಂದೇ ಪದದಲ್ಲಿ ಹೇಳುವ ಆಸೆ ಬಿಟ್ಟು, ಬಿಡಿಸಿ ಬರೆದಿದ್ದೇನೆ. ಎಲ್ಫ್ ಎಲ್ಫ್ ಆಗಿಯೇ ಉಳಿದಿದ್ದಾಳೆ. ಫಲಕದಲ್ಲಿ ಇರುವುದು ಇಷ್ಟು:

ಲೋಡಾಸ್ ನಡುಗಡ್ಡೆಯ ಕಾಳಗ
ವಿಡಿಯೊಗೆಂದೇ ತಯಾರಾದ ಜಪಾನಿ ಅನಿಮೆ ಸರಣಿ, 13 ಕಂತು (1990–91)
1998ರ ಟಿವಿ ಸರಣಿ ಬೇರೆ

ಕೈಹಾಳೆಯಲ್ಲಿ ಮಾತ್ರ ಒಂದು ಕಡೆ ‘ವಿಡಿಯೊಸುರುಳಿ’ ಬಳಸಿದ್ದೇನೆ, ಜಪಾನಿನ ಮನೆಗಳಿಗೆ ವಿಸಿಆರ್ ಬಂದ ಕಾಲದ ವಿವರ ಬರುವ ಪ್ಯಾರಾದಲ್ಲಿ.

ಮೈಸೂರಿನಿಂದ

ಫಲಕದ ಎರಡನೆಯ ಸಾಲು ಸರಿಯಾಗಿದೆ. ಕೈಹಾಳೆಯ ಆ ಒಂದು ಪದವನ್ನು ತಿದ್ದಲು ಇನ್ನೂ ಸಮಯವಿದೆಯೇ?